ಚಲಚ್ಚಿತ್ರದ ಪಾಠಾಂತರಗಳು

ಹಳಗನ್ನಡ ಕಾವ್ಯವೊಂದನ್ನು ಸಂಪಾದಿಸಲು ಕುಳಿತ ವಿದ್ವಾಂಸನ ಮುಂದೆ ನಾಲ್ಕಾರು ಓಲೆಯ ಕಟ್ಟುಗಳಿರುತ್ತವೆ. ಒಂದರಲ್ಲಿ ಒಂದು ಪದ್ಯ ಬಿಟ್ಟುಹೋಗಿರುತ್ತದೆ. ಇನ್ನೊಂದರಲ್ಲಿ ಲಿಪಿಕಾರನು ತನ್ನದೇ ಎರಡು ಪದ್ಯಗಳನ್ನು ಸೇರಿಸಿರುತ್ತಾನೆ. ಮೂರನೆಯದರ ಕೊನೆಯ ಗರಿಗಳನ್ನು ಹುಳು ತಿಂದಿರುತ್ತದೆ. ವಿದ್ವಾಂಸನು ಇವೆಲ್ಲವನ್ನೂ ಪಕ್ಕಪಕ್ಕದಲ್ಲಿಟ್ಟುಕೊಂಡು, ಕವಿಯ ಮಾತು ಯಾವುದು, ಪರರ ಮಾತು ಯಾವುದು ಎಂದು ಶೋಧಿಸುತ್ತಾನೆ. ತಾನು ಒಪ್ಪದ ಪಾಠವನ್ನೂ ಎಸೆಯದೆ ಪುಟದ ಅಡಿಯಲ್ಲಿ ನಮೂದಿಸುತ್ತಾನೆ. ಇದಕ್ಕೆ ಪಾಠಾಂತರವೆಂದು ಹೆಸರು. ಡಿ.ಎಲ್. ನರಸಿಂಹಾಚಾರ್ಯರು ತಮ್ಮ ‘ಕನ್ನಡ ಗ್ರಂಥಸಂಪಾದನೆ’ಯಲ್ಲಿ ಇದನ್ನೊಂದು ಶಾಸ್ತ್ರವಾಗಿಯೇ ನಿರೂಪಿಸಿದ್ದಾರೆ. ಕನ್ನಡವನ್ನು ಕ್ರಮವಾಗಿ ಓದಿದವರಿಗೆಲ್ಲ ಇದು ಪರಿಚಿತವಾದ ವಿಷಯ.

ಈ ಹೊತ್ತು ಆ ಶಬ್ದವನ್ನು ಚಲಚ್ಚಿತ್ರದ ಕಡೆಗೆ ತಿರುಗಿಸಿ ನೋಡೋಣವೆಂದು ನನ್ನ ಆಶಯ. ಚಲಚ್ಚಿತ್ರಕ್ಕೂ ಪಾಠಾಂತರಗಳುಂಟು. ಒಂದೇ ಕಥೆ ಎರಡು ಮೂರು ರೂಪಗಳಲ್ಲಿ ತೆರೆಯ ಮೇಲೆ ಬರುವುದುಂಟು. ಒಂದೇ ಚಿತ್ರದ ಒಂದು ಪ್ರತಿ ಎರಡು ಗಂಟೆಯದಾಗಿ, ಮತ್ತೊಂದು ಮೂರು ಗಂಟೆಯದಾಗಿ ಇರುವುದುಂಟು. ಆದರೆ ಓಲೆಗರಿಯ ಪಾಠಾಂತರಕ್ಕೆ ಬಹುಮಟ್ಟಿಗೆ ಲಿಪಿಕಾರನ ಕಣ್ತಪ್ಪು ಅಥವಾ ಅತ್ಯುತ್ಸಾಹ ಕಾರಣವಾದರೆ, ಚಲಚ್ಚಿತ್ರದ ಪಾಠಾಂತರಕ್ಕೆ ಅನೇಕ ಸಲ ಜಗಳವೇ ಕಾರಣ. ಕಥೆ ಬರೆದವನಿಗೂ ಅದನ್ನು ಚಿತ್ರವಾಗಿಸುವವನಿಗೂ, ಹಣ ಹೂಡಿದವನಿಗೂ ನಿರ್ದೇಶಿಸುವವನಿಗೂ, ಕೆಲವೊಮ್ಮೆ ಒಂದೇ ಚಿತ್ರದ ಇಬ್ಬರು ನಿರ್ದೇಶಕರಿಗೇ ಹುಟ್ಟುವ ಜಗಳ. ಆ ಜಗಳದಲ್ಲಿ ಗೆದ್ದ ರೂಪ ನಮ್ಮ ಕಣ್ಣಿಗೆ ಬೀಳುತ್ತದೆ. ಸೋತ ರೂಪ ಎಲ್ಲಿ ಹೋಗುತ್ತದೆ ಎಂಬುದೇ ಇಂದಿನ ನನ್ನ ಪ್ರಶ್ನೆ.

ಒಂದು ಕಥೆಗೆ ಹಲವು ರೂಪಗಳಿರುವುದು ಕನ್ನಡಿಗರಿಗೆ ಹೊಸದೇನೂ ಅಲ್ಲ. ಪಂಪನು ಅರ್ಜುನನಲ್ಲಿ ಅರಿಕೇಸರಿಯನ್ನು ಕಂಡು ಭಾರತವನ್ನು ಬರೆದನು. ರನ್ನನು ಭೀಮನಲ್ಲಿ ಸತ್ಯಾಶ್ರಯನನ್ನು ಕಂಡು ಅದೇ ಭಾರತದ ಗದಾಪ್ರಸಂಗವನ್ನು ಬೇರೆಯೇ ಕಾವ್ಯವಾಗಿಸಿದನು. ಕುಮಾರವ್ಯಾಸನು ಕೃಷ್ಣಕಥೆಯೆಂದು ಹಾಡಿದನು. ಯಾರೂ ಯಾರ ಮೇಲೂ ದೂರು ಹೇಳಲಿಲ್ಲ. ಒಬ್ಬನ ಕಾವ್ಯದಿಂದ ಇನ್ನೊಬ್ಬನ ಕಾವ್ಯ ಅಳಿಯಲಿಲ್ಲ. ಏಕೆಂದರೆ ಪ್ರತಿಯೊಬ್ಬ ಕವಿಯೂ ತನ್ನ ಕಾವ್ಯಕ್ಕೆ ತಾನೊಬ್ಬನೇ ಒಡೆಯ. ಕಂಠವೂ ಕಂಟವೂ ಅವನವೇ.

ನಾಟಕ ಕಂಪೆನಿಯ ರೀತಿ ಇನ್ನೊಂದು. ದಾವಣಗೆರೆಯ ಜನಕ್ಕೆ ಇದನ್ನು ವಿವರಿಸಬೇಕಾಗಿಲ್ಲ. ಚಿಂದೋಡಿ ಮನೆತನದವರ ಕೆ.ಬಿ.ಆರ್. ಡ್ರಾಮಾ ಕಂಪೆನಿ ಈ ಊರಿನದು. ಚಿಂದೋಡಿ ಲೀಲಾ ಅವರ ‘ಹಳ್ಳಿ ಹುಡುಗಿ’ ನಾಟಕದ ಹೆಸರನ್ನು ಕೇಳದ ರಸಿಕರು ಈ ಕಡೆ ವಿರಳ. ಕಂಪೆನಿಯ ನಾಟಕ ಒಂದು ಕ್ಯಾಂಪಿನಿಂದ ಇನ್ನೊಂದು ಕ್ಯಾಂಪಿಗೆ ಹೋಗುವಷ್ಟರಲ್ಲಿ ಬದಲಾಗುತ್ತಿತ್ತು. ಜನ ‘ಒನ್ಸ್‌ಮೋರ್’ ಎಂದರೆ ಹಾಡು ಬೆಳೆಯುತ್ತಿತ್ತು. ಮಳೆ ಬಂದರೆ ಒಂದು ಅಂಕ ಕುಗ್ಗುತ್ತಿತ್ತು. ಅಲ್ಲಿಯೂ ಜಗಳಗಳಿರಲಿಲ್ಲವೆಂದಲ್ಲ. ಆದರೆ ಇವತ್ತಿನ ಜಗಳಕ್ಕೆ ನಾಳೆಯ ಪ್ರಯೋಗದಲ್ಲಿ ಪರಿಹಾರವಿತ್ತು. ಚಲಚ್ಚಿತ್ರಕ್ಕೆ ನಾಳೆಯ ಪ್ರಯೋಗವಿಲ್ಲ. ಒಮ್ಮೆ ನೆಗೆಟಿವ್ ಕತ್ತರಿಸಿ ಜೋಡಿಸಿದರೆ ಮುಗಿಯಿತು. ಅಂದು ಯಾರ ಕೈ ಮೇಲಾಗಿತ್ತೋ ಅವರ ಮಾತೇ ಶಾಶ್ವತ.

ಅದೂ ಅಲ್ಲದೆ ಚಲಚ್ಚಿತ್ರಕ್ಕೆ ಒಬ್ಬ ಒಡೆಯನಿಲ್ಲ. ಕೂಡಲಿಯಲ್ಲಿ ತುಂಗೆ ಭದ್ರೆಯರು ಕೂಡಿದ ಮೇಲೆ, ಹರಿಹರದ ಸೇತುವೆಯ ಮೇಲೆ ನಿಂತು ಇದು ತುಂಗೆಯ ನೀರು, ಇದು ಭದ್ರೆಯ ನೀರು ಎಂದು ಬೇರ್ಪಡಿಸಲಾದೀತೆ? ಒಳ್ಳೆಯ ಚಿತ್ರದಲ್ಲಿ ಹಲವರ ಕೆಲಸ ಹಾಗೆ ಒಂದಾಗಿ ಹರಿಯುತ್ತದೆ. ಕೂಡದೆ ಹೋದಾಗ ಏನಾಗುತ್ತದೆಂಬುದಕ್ಕೆ ನಮ್ಮ ನಾಡಿಗೆ ಸಂಬಂಧಿಸಿದ ಒಂದು ದೊಡ್ಡ ನಿದರ್ಶನವೇ ಇದೆ. ಅದು ಮೈಸೂರಿನ ಆರ್.ಕೆ. ನಾರಾಯಣರ ‘ಗೈಡ್’ ಕಾದಂಬರಿಯ ಕಥೆ.

‘ಗೈಡ್’ ಪ್ರಕಟವಾದದ್ದು 1958ರಲ್ಲಿ. 1960ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಅದಕ್ಕೆ ಸಂದಿತು. ಮಾಲ್ಗುಡಿ ಎಂಬ ಕಲ್ಪಿತ ಊರಿನ ರೈಲು ನಿಲ್ದಾಣದಲ್ಲಿ ಬೆಳೆದ ರಾಜು, ಪ್ರವಾಸಿಗಳಿಗೆ ದಾರಿ ತೋರುವವನು. ಪ್ರಾಕ್ತನ ಸಂಶೋಧಕನ ಹೆಂಡತಿ ರೋಸಿಯನ್ನು ಪ್ರೀತಿಸಿ, ಅವಳನ್ನು ನರ್ತಕಿಯಾಗಿ ಬೆಳಗಿಸಿ, ಮೋಸದ ಆಪಾದನೆಯ ಮೇಲೆ ಸೆರೆಮನೆ ಕಂಡು, ಬಿಡುಗಡೆಯಾದ ಮೇಲೆ ಹಳ್ಳಿಗರ ಕಣ್ಣಿಗೆ ಸಾಧುವಾಗಿ ಕಾಣುತ್ತಾನೆ. ಕೊನೆಗೆ ಮಳೆಗಾಗಿ ಉಪವಾಸ ಕೂರಬೇಕಾದ ಇಕ್ಕಟ್ಟಿಗೆ ಸಿಲುಕುತ್ತಾನೆ. ಕಾದಂಬರಿಯ ಕೊನೆಯಲ್ಲಿ ಅವನು ನದಿಯ ನೀರಿನಲ್ಲಿ ನಿಂತು, ದೂರದ ಬೆಟ್ಟದಲ್ಲಿ ಮಳೆಯಾಗುತ್ತಿದೆಯೆಂಬ ಅನುಭವದೊಡನೆ ಕುಸಿಯುತ್ತಾನೆ. ಮಳೆ ನಿಜವಾಗಿ ಬಂತೆ, ಅವನು ಬದುಕಿದನೆ ಎಂಬುದನ್ನು ನಾರಾಯಣರು ಹೇಳುವುದಿಲ್ಲ. ಆ ಮೌನದಲ್ಲೇ ಕಾದಂಬರಿಯ ಜೀವವಿದೆ.

ನಟ ದೇವ್ ಆನಂದ್ ಈ ಕಾದಂಬರಿಯನ್ನು ಮೆಚ್ಚಿ, ಮೈಸೂರಿಗೆ ಬಂದು ನಾರಾಯಣರನ್ನು ಕಂಡರು. ಅಮೆರಿಕದ ಲೇಖಕಿ ಪರ್ಲ್ ಬಕ್ ಮತ್ತು ನಿರ್ದೇಶಕ ಟ್ಯಾಡ್ ಡ್ಯಾನಿಯಲೆವ್‌ಸ್ಕಿ ಅವರೊಡನೆ ಸೇರಿ ಇಂಗ್ಲಿಷಿನಲ್ಲೂ ಹಿಂದಿಯಲ್ಲೂ ಏಕಕಾಲಕ್ಕೆ ಚಿತ್ರ ತೆಗೆಯುವುದು ಅವರ ಯೋಜನೆ. ಇಂಗ್ಲಿಷಿಗೆ ಡ್ಯಾನಿಯಲೆವ್‌ಸ್ಕಿ, ಹಿಂದಿಗೆ ದೇವ್ ಆನಂದರ ಅಣ್ಣ ಚೇತನ್ ಆನಂದ್ ನಿರ್ದೇಶಕರು. ಒಂದೇ ದೃಶ್ಯ, ಅವೇ ನಟರು, ಅದೇ ಸ್ಥಳ. ಒಮ್ಮೆ ಇಂಗ್ಲಿಷಿನಲ್ಲಿ ಮಾತಾಡಿಸಿ, ಮರುಗಳಿಗೆ ಹಿಂದಿಯಲ್ಲಿ ಮಾತಾಡಿಸಿದರೆ ಖರ್ಚು ಉಳಿಯುತ್ತದೆಂಬುದು ಲೆಕ್ಕಾಚಾರ. ಕಾಗದದ ಮೇಲೆ ಸೊಗಸಾದ ಲೆಕ್ಕವೇ. ಆದರೆ ಕ್ಯಾಮೆರಾ ಎಲ್ಲಿ ನಿಲ್ಲಬೇಕು, ನಟಿ ಯಾವ ಕಡೆಯಿಂದ ಬರಬೇಕು, ಮೌನ ಎಷ್ಟು ಹೊತ್ತಿರಬೇಕು ಎಂಬುದು ನಿರ್ದೇಶಕನ ಉಸಿರು. ಇಬ್ಬರು ಒಂದೇ ಉಸಿರನ್ನು ಆಡಲಾರರು. ಭಿನ್ನಾಭಿಪ್ರಾಯ ಬೆಳೆದು, ಚೇತನ್ ಆನಂದ್ ಹೊರಬಂದು 1964ರಲ್ಲಿ ತೆರೆಕಂಡ ತಮ್ಮ ‘ಹಕೀಕತ್’ ಚಿತ್ರದ ಕಡೆಗೆ ಹೋದರು. ಇಂಗ್ಲಿಷ್ ಚಿತ್ರ ಮೊದಲು ಮುಗಿಯಿತು. ಆಮೇಲೆ ಕಿರಿಯ ಸೋದರ ವಿಜಯ್ ಆನಂದ್ ಹಿಂದಿಯ ಹೊಣೆ ಹೊತ್ತು, ಚಿತ್ರಕಥೆಯನ್ನು ಹೊಸದಾಗಿಯೇ ಬರೆದರು.

ಪರಿಣಾಮವೇನಾಯಿತು? 1965ರಲ್ಲಿ ಎರಡು ‘ಗೈಡ್’ಗಳು ಹೊರಬಂದವು. ಇಂಗ್ಲಿಷಿನದು ಸುಮಾರು 120 ನಿಮಿಷ. ಹಿಂದಿಯದು ಸುಮಾರು 183 ನಿಮಿಷ. ಒಂದು ಇನ್ನೊಂದರ ಅನುವಾದವಾಗಬೇಕಾಗಿದ್ದುದು, ಜಗಳದ ದೆಸೆಯಿಂದ ಎರಡು ಸ್ವತಂತ್ರ ಕೃತಿಗಳಾದವು. ಇಂಗ್ಲಿಷ್ ಚಿತ್ರ ಅಮೆರಿಕದಲ್ಲಿ ಸೋತಿತು. ಹಿಂದಿ ಚಿತ್ರ ಎಸ್.ಡಿ. ಬರ್ಮನ್ನರ ಸಂಗೀತದೊಡನೆ, ವಹೀದಾ ರೆಹಮಾನರ ನೃತ್ಯದೊಡನೆ ದೇಶವನ್ನೇ ಗೆದ್ದಿತು. ಹಿಂದಿಯ ಪ್ರೇಕ್ಷಕರು ಗಂಡನನ್ನು ಬಿಟ್ಟು ಬರುವ ಹೆಣ್ಣನ್ನು ಒಪ್ಪಲಾರರೆಂಬ ಅಳುಕಿನಿಂದ, ಗಂಡನನ್ನೇ ದುಶ್ಶೀಲನನ್ನಾಗಿ ತೋರಿಸಿ ರೋಸಿಗೆ ಸಮರ್ಥನೆ ಒದಗಿಸಲಾಯಿತು. ಕೊನೆಯಲ್ಲಿ ಮಳೆ ಧಾರಾಕಾರವಾಗಿ ಸುರಿಯಿತು. ರಾಜು ಪುಣ್ಯಪುರುಷನಾಗಿ ಪ್ರಾಣ ಬಿಟ್ಟನು. ನಾರಾಯಣರು ಉಳಿಸಿದ್ದ ಮೌನವನ್ನು ಮಳೆಯ ಸದ್ದು ನುಂಗಿತು.

ನಾರಾಯಣರಿಗೆ ಇದರಿಂದ ಆದ ನೋವನ್ನು ಅವರೇ ಒಂದು ಪ್ರಬಂಧದಲ್ಲಿ ಬರೆದಿದ್ದಾರೆ. ‘ದಾರಿ ತಪ್ಪಿದ ಗೈಡ್’ ಎಂಬರ್ಥದ ತಲೆಬರಹ ಅದಕ್ಕೆ. ತಮ್ಮ ಕಾದಂಬರಿಯ ಪರಿಸರವನ್ನು ತೋರಿಸಲು ಅವರು ಚಿತ್ರತಂಡವನ್ನು ಮೈಸೂರಿನ ಸುತ್ತಮುತ್ತ ಕರೆದುಕೊಂಡು ಹೋದರು. ಕಾವೇರಿಯ ದಡ, ಸಣ್ಣ ಊರುಗಳು, ದೇವಾಲಯಗಳು, ಎಲ್ಲವನ್ನೂ ತಂಡದವರು ನೋಡಿದರು, ತಲೆದೂಗಿದರು. ಚಿತ್ರೀಕರಣಕ್ಕೆ ಮಾತ್ರ ರಾಜಸ್ಥಾನಕ್ಕೆ ಹೊರಟರು. ದಕ್ಷಿಣದ ಬಡ ಪಟ್ಟಣವೊಂದು ಅರಮನೆಗಳ ನಾಡಾಯಿತು. ಮಾಲ್ಗುಡಿ ಎಲ್ಲಿದೆಯೆಂಬುದನ್ನು ಅದನ್ನು ಸೃಷ್ಟಿಸಿದವರಿಗಿಂತ ಹಣ ಹೂಡಿದವರು ಚೆನ್ನಾಗಿ ಬಲ್ಲವರಾದರು! ನಾರಾಯಣರ ಬರಹದಲ್ಲಿ ಕೋಪಕ್ಕಿಂತ ವಿನೋದವೇ ಹೆಚ್ಚು. ಆದರೆ ಆ ವಿನೋದದ ಕೆಳಗೆ ವಿಷಾದವಿದೆ. ವಿಧಿಯ ವ್ಯಂಗ್ಯ ನೋಡಿ: ಅದೇ ಹಿಂದಿ ಚಿತ್ರಕ್ಕೆ ಬಂದ ಫಿಲಂಫೇರ್ ಪ್ರಶಸ್ತಿಗಳಲ್ಲಿ ಅತ್ಯುತ್ತಮ ಕಥೆಯ ಪ್ರಶಸ್ತಿ ನಾರಾಯಣರ ಹೆಸರಿಗೇ ಬಂದಿತು.

ಮಾಲ್ಗುಡಿ ಮತ್ತೆ ಕನ್ನಡ ನೆಲಕ್ಕೆ ಬಂದದ್ದು ಎರಡು ದಶಕಗಳ ತರುವಾಯ. ಶಂಕರನಾಗ್ ದೂರದರ್ಶನಕ್ಕಾಗಿ ‘ಮಾಲ್ಗುಡಿ ಡೇಸ್’ ಮಾಲಿಕೆಯನ್ನು ಆಗುಂಬೆಯಲ್ಲಿ ಚಿತ್ರೀಕರಿಸಿದಾಗ, ಓದುಗರು ಮನಸ್ಸಿನಲ್ಲಿ ಕಟ್ಟಿಕೊಂಡಿದ್ದ ಊರು ಕಣ್ಣೆದುರು ಬಂದಿತು. ಇದೂ ಒಂದು ಪಾಠಾಂತರವೇ. ಆದರೆ ಮೂಲದ ಮೇಲಿನ ಗೌರವದಿಂದ ಹುಟ್ಟಿದ್ದು.

ಇನ್ನು ನಮ್ಮ ಮನೆಯಂಗಳಕ್ಕೇ ಬರೋಣ. ತ.ರಾ. ಸುಬ್ಬರಾಯರು, ನಾಡಿನ ಬಾಯಲ್ಲಿ ತರಾಸು, ಹುಟ್ಟಿದ್ದು 1920ರ ಏಪ್ರಿಲ್ 21ರಂದು, ಹರಿಹರ ತಾಲ್ಲೂಕಿನ ಮಲೇಬೆನ್ನೂರಿನಲ್ಲಿ. ಮನೆತನದ ಮೂಲ ಚಳ್ಳಕೆರೆ ಸೀಮೆಯ ತಳುಕು. ಕುವೆಂಪು ಅವರಿಗೆ ಗುರುಗಳಾಗಿದ್ದ ತ.ಸು. ವೆಂಕಣ್ಣಯ್ಯನವರು ಇವರ ದೊಡ್ಡಪ್ಪನವರು. 1997ರಲ್ಲಿ ದಾವಣಗೆರೆ ಪ್ರತ್ಯೇಕ ಜಿಲ್ಲೆಯಾಗುವವರೆಗೆ ಹರಿಹರವೂ ದಾವಣಗೆರೆಯೂ ಚಿತ್ರದುರ್ಗ ಜಿಲ್ಲೆಯವೇ ಆಗಿದ್ದವು. ಆದ್ದರಿಂದ ದುರ್ಗದ ಕಲ್ಲುಕೋಟೆಯನ್ನು ಕನ್ನಡ ಕಾದಂಬರಿಯಲ್ಲಿ ಚಿರಸ್ಥಾಯಿಗೊಳಿಸಿದ ಈ ಲೇಖಕ ನಮ್ಮ ಕಡೆಯವರೆಂದು ಹೇಳಿಕೊಳ್ಳಲು ನಮಗೆ ಎರಡು ಬಗೆಯ ಹಕ್ಕಿದೆ.

ತರಾಸು ಅವರಷ್ಟು ಪಾಠಾಂತರಗಳನ್ನು ತೆರೆಯ ಮೇಲೆ ಕಂಡ ಕನ್ನಡ ಕಾದಂಬರಿಕಾರರು ವಿರಳ. ಅವರ ‘ಹಂಸಗೀತೆ’ 1952ರ ಕಾದಂಬರಿ. ಚಿತ್ರದುರ್ಗದ ಸಂಗೀತಗಾರನೊಬ್ಬನ ಬದುಕನ್ನು ಕುರಿತದ್ದು. 1956ರಲ್ಲಿ ಇದರ ಆಧಾರದ ಮೇಲೆ ಹಿಂದಿಯಲ್ಲಿ ‘ಬಸಂತ್ ಬಹಾರ್’ ಬಂದಿತು. ಶಂಕರ್–ಜೈಕಿಶನ್ ಸಂಗೀತ, ನಮ್ಮ ಗದಗಿನ ಸೀಮೆಯ ಭೀಮಸೇನ ಜೋಶಿಯವರೂ ಮನ್ನಾ ಡೇ ಅವರೂ ಸ್ಪರ್ಧೆಯಾಗಿ ಹಾಡಿದ ಹಾಡು ಅದರಲ್ಲಿದೆ. ಕಥೆಯ ಅವಶ್ಯಕತೆಯಂತೆ ಅಲ್ಲಿ ಭೀಮಸೇನರು ಸೋಲಬೇಕು! ದುರ್ಗದ ಸಂಗೀತ ಹಿಂದಿಯಲ್ಲಿ ಪ್ರೇಮಕಥೆಯಾಯಿತು. ಅದೇ ಕಾದಂಬರಿಯನ್ನು ಜಿ.ವಿ. ಅಯ್ಯರ್ 1975ರಲ್ಲಿ ಕನ್ನಡದಲ್ಲಿ ತೆಗೆದರು. ಅನಂತನಾಗ್ ಮುಖ್ಯ ಪಾತ್ರದಲ್ಲಿ. ಬಾಲಮುರಳೀಕೃಷ್ಣರಿಗೆ ಈ ಚಿತ್ರದ ಗಾಯನಕ್ಕಾಗಿ ರಾಷ್ಟ್ರಪ್ರಶಸ್ತಿ. ಎರಡನ್ನೂ ಒಟ್ಟಿಗೆ ನೋಡಿದವನಿಗೆ ಒಂದು ಕಾದಂಬರಿಯ ಎರಡು ಮುಖಗಳೆಂದು ನಂಬುವುದೇ ಕಷ್ಟ.

ಆದರೆ ಜಗಳದ ಮಾತು ಬಂದರೆ ‘ನಾಗರಹಾವು’ ಚಿತ್ರವನ್ನೇ ಹೇಳಬೇಕು. 1972ರ ಡಿಸೆಂಬರಿನಲ್ಲಿ ತೆರೆಕಂಡ ಈ ಚಿತ್ರದ ನಿರ್ಮಾಪಕರು ಎನ್. ವೀರಾಸ್ವಾಮಿ, ನಿರ್ದೇಶಕರು ಎಸ್.ಆರ್. ಪುಟ್ಟಣ್ಣ ಕಣಗಾಲ್. ತರಾಸು ಅವರ ‘ನಾಗರಹಾವು’, ‘ಒಂದು ಗಂಡು ಎರಡು ಹೆಣ್ಣು’, ‘ಸರ್ಪಮತ್ಸರ’ ಎಂಬ ಮೂರು ಕಾದಂಬರಿಗಳನ್ನು ಪುಟ್ಟಣ್ಣ ಒಂದೇ ಚಿತ್ರದಲ್ಲಿ ಹೆಣೆದರು. ಮೂರು ಕಾದಂಬರಿಗಳು ಒಂದು ಚಿತ್ರವಾಗುವಾಗ ಏನು ಉಳಿಯಬೇಕು, ಏನು ಹೋಗಬೇಕು? ಪುಟ್ಟಣ್ಣ ರಾಮಾಚಾರಿಯನ್ನು ಉಳಿಸಿಕೊಂಡರು, ಚಾಮಯ್ಯ ಮೇಷ್ಟರನ್ನು ಹೃದಯಕ್ಕೆ ತಂದರು. ಅಲಮೇಲು, ಮಾರ್ಗರೆಟ್ ಎಂಬ ಇಬ್ಬರು ಹೆಣ್ಣುಗಳ ನಡುವೆ ಕಥೆಯನ್ನು ಬಿಗಿದರು. ಕಥೆಯ ಓಟವನ್ನು ನಿಲ್ಲಿಸಿ ಎರಡು ಶತಮಾನ ಹಿಂದಕ್ಕೆ ಹೋಗಿ, ಒನಕೆ ಓಬವ್ವನ ಸಾಹಸವನ್ನು ಹಾಡಾಗಿ ತೋರಿಸಿದರು. ವಿಷ್ಣುವರ್ಧನ್ ಎಂಬ ಹೊಸ ನಟ ಒಂದೇ ಚಿತ್ರದಿಂದ ನಾಡಿನ ನಾಯಕನಾದರು. ಅಂಬರೀಷ್ ಜಲೀಲನಾಗಿ ಬಂದರು. ಅಶ್ವತ್ಥರ ಚಾಮಯ್ಯ ಮೇಷ್ಟರು ನಮ್ಮ ಪೀಳಿಗೆಯ ಅಧ್ಯಾಪಕರಿಗೆಲ್ಲ ಒಂದು ಅಳತೆಗೋಲಾದರು. ಇದನ್ನು ನಾನು ಅಧ್ಯಾಪಕನಾಗಿಯೇ ಹೇಳುತ್ತಿದ್ದೇನೆ.

ಚಿತ್ರ ಗೆದ್ದಿತು. ಕಾದಂಬರಿಕಾರರಿಗೆ ಮಾತ್ರ ತೃಪ್ತಿಯಾಗಲಿಲ್ಲ. ನನ್ನ ನಾಗರಹಾವನ್ನು ಪುಟ್ಟಣ್ಣ ಕೇರೆಹಾವು ಮಾಡಿದರೆಂಬ ಅರ್ಥದ ತರಾಸು ಅವರ ಮಾತು ಅಂದಿನಿಂದ ಇಂದಿನವರೆಗೂ ನಾಡಿನಲ್ಲಿ ಉಳಿದುಬಂದಿದೆ. ಹಳ್ಳಿಯಲ್ಲಿ ಬೆಳೆದವರಿಗೆ ಈ ಮಾತಿನ ಮೊನಚು ತಿಳಿಯುತ್ತದೆ. ಕೇರೆಹಾವು ಗದ್ದೆಯ ಬದುವಿನಲ್ಲಿ ಹರಿದಾಡುವ ನಿರುಪದ್ರವಿ. ಅದಕ್ಕೆ ಹೆಡೆಯಿಲ್ಲ, ವಿಷವಿಲ್ಲ. ನನ್ನ ಓದಿನಲ್ಲಿ, ಕಾದಂಬರಿಕಾರರ ದೂರು ಘಟನೆಗಳು ಬದಲಾದುವೆಂಬುದಲ್ಲ. ರಾಮಾಚಾರಿಯ ಹೆಡೆ, ಎಂದರೆ ಅವನ ಛಲದ ಅಪಾಯಕಾರಿ ಅಂಶ, ಕಣ್ಣೀರಿನಲ್ಲಿ ಕರಗಿತೆಂಬುದು. ಪುಟ್ಟಣ್ಣನವರ ಪರವಾಗಿಯೂ ಹೇಳಬೇಕಾದ ಮಾತಿದೆ. ಓದುಗನು ರಾಮಾಚಾರಿಯೊಡನೆ ದಿನಗಟ್ಟಲೆ ಬದುಕುತ್ತಾನೆ. ಪ್ರೇಕ್ಷಕನಿಗೆ ಮೂರು ಗಂಟೆಯಷ್ಟೇ ಕಾಲಾವಕಾಶ. ಅಷ್ಟರಲ್ಲಿ ಸಾವಿರ ಜನರ ಗಂಟಲನ್ನು ಒಟ್ಟಿಗೆ ಬಿಗಿಯಬಲ್ಲ ಎಳೆ ಗುರುಶಿಷ್ಯ ಸಂಬಂಧವೇ ಎಂದು ಅವರು ಕಂಡರು. ಕಂಡದ್ದು ಸುಳ್ಳಾಗಲಿಲ್ಲ.

ಈ ಕಥೆಯ ರೂಪಾಂತರ ಅಲ್ಲಿಗೆ ನಿಲ್ಲಲಿಲ್ಲ. 1974ರಲ್ಲಿ ತೆಲುಗಿನಲ್ಲಿ ‘ಕೋಡೆನಾಗು’, ತಮಿಳಿನಲ್ಲಿ ‘ರಾಜನಾಗಂ’, ಹಿಂದಿಯಲ್ಲಿ ಪುಟ್ಟಣ್ಣನವರೇ ನಿರ್ದೇಶಿಸಿದ ‘ಜಹರೀಲಾ ಇನ್ಸಾನ್’ ಬಂದವು. ಹಿಂದಿಯಲ್ಲಿ ರಿಷಿ ಕಪೂರ್ ನಾಯಕ; ನಿರ್ದೇಶಕರು ಅವರೇ ಆದರೂ ಕನ್ನಡದ ಕಾವು ಅಲ್ಲಿ ಹುಟ್ಟಲಿಲ್ಲ. ಇನ್ನೊಂದು ರೂಪ 2018ರ ಜುಲೈನಲ್ಲಿ ಬಂದಿತು: ಮೂಲ ಚಿತ್ರವನ್ನೇ ಡಿಜಿಟಲ್ ತಂತ್ರದಿಂದ ಶುದ್ಧಗೊಳಿಸಿ, ಅಗಲ ಪರದೆಗೆ ಹೊಂದಿಸಿ, ಧ್ವನಿಯನ್ನು ಹೊಸದಾಗಿಸಿ ಮತ್ತೆ ಬಿಡುಗಡೆ ಮಾಡಲಾಯಿತು. ಹೊಸ ತಲೆಮಾರಿನ ಹುಡುಗರು ಸೀಟಿ ಹೊಡೆದು ನೋಡಿದರು, ಸಂತೋಷವೇ. ಆದರೆ ಚೌಕಟ್ಟಿನ ಅಳತೆ ಬದಲಾದಾಗ ನಿರ್ದೇಶಕ ಇಟ್ಟ ಚಿತ್ರದ ತೂಕವೂ ಬದಲಾಗುತ್ತದೆ. ಹೌದೆನ್ನಲು, ಅಲ್ಲವೆನ್ನಲು ಪುಟ್ಟಣ್ಣ ಇರಲಿಲ್ಲ, ತರಾಸು ಇರಲಿಲ್ಲ. 1971ರ ‘ಕಸ್ತೂರಿ ನಿವಾಸ’ 2014ರಲ್ಲಿ ಬಣ್ಣ ತಳೆದು ಬಂದಾಗಲೂ ಇದೇ ಪ್ರಶ್ನೆ. ಕಪ್ಪು ಬಿಳುಪಿನ ಪ್ರತಿಯನ್ನೂ ಜೋಪಾನವಾಗಿ ಇಟ್ಟಿದ್ದರೆ ಹೊಸ ರೂಪಕ್ಕೆ ಯಾರ ಆಕ್ಷೇಪಣೆಯೂ ಇರಬೇಕಾಗಿಲ್ಲ.

ಕಾದಂಬರಿಕಾರರಿಗೂ ನಿರ್ದೇಶಕರಿಗೂ ನಡುವಣ ಈ ಪ್ರಕರಣಕ್ಕೆ ಒಂದು ಮನಕರಗಿಸುವ ಮುಕ್ತಾಯವುಂಟು. ಪುಟ್ಟಣ್ಣನವರ ಕೊನೆಯ ಚಿತ್ರ ‘ಮಸಣದ ಹೂವು’. ಅದೂ ತರಾಸು ಅವರದೇ ಕಾದಂಬರಿ. ಕೇರೆಹಾವಿನ ಮಾತು ಕೇಳಿದ ಮೇಲೆಯೂ ನಿರ್ದೇಶಕರು ಅದೇ ಲೇಖಕರ ಬಾಗಿಲಿಗೆ ಹೋದರು. ತರಾಸು 1984ರ ಏಪ್ರಿಲಿನಲ್ಲಿ ತೀರಿಕೊಂಡರು. ಚಿತ್ರ ಮುಗಿಯುವ ಮೊದಲೇ, 1985ರ ಜೂನ್ 5ರಂದು ಪುಟ್ಟಣ್ಣನವರೂ ತೀರಿಕೊಂಡರು. ಉಳಿದುದನ್ನು ಕೆ.ಎಸ್.ಎಲ್. ಸ್ವಾಮಿ ಪೂರ್ಣಗೊಳಿಸಿದರು. ಬಾಣನ ಕಾದಂಬರಿಯನ್ನು ಅವನ ಮಗ ಮುಗಿಸಿದ ಕಥೆ ನಮ್ಮ ಸಾಹಿತ್ಯದಲ್ಲಿ ಪ್ರಸಿದ್ಧವಲ್ಲವೆ? ಒಬ್ಬನ ಕೃತಿಯಲ್ಲಿ ಇನ್ನೊಬ್ಬನ ಕೈ ಸೇರುವುದು ಯಾವಾಗಲೂ ಅಪರಾಧವಲ್ಲ. ವಿಶ್ವಾಸದಿಂದ ಸೇರಿದ ಕೈ ಬೇರೆ, ಅಧಿಕಾರದಿಂದ ಸೇರಿದ ಕೈ ಬೇರೆ.

ಅಧಿಕಾರದ ಕೈ ಏನು ಮಾಡಬಲ್ಲದೆಂಬುದಕ್ಕೆ ಪ್ರಪಂಚದ ಚಲಚ್ಚಿತ್ರ ಚರಿತ್ರೆಯಲ್ಲಿ ಅತ್ಯಂತ ದುಃಖಕರವಾದ ಉದಾಹರಣೆ ಅಮೆರಿಕದ ಆರ್ಸನ್ ವೆಲ್ಸ್ ಅವರದು. 1942ರಲ್ಲಿ ಅವರು ‘ದಿ ಮ್ಯಾಗ್ನಿಫಿಸೆಂಟ್ ಆಂಬರ್ಸನ್ಸ್’ ಎಂಬ ಚಿತ್ರದ ಚಿತ್ರೀಕರಣ ಮುಗಿಸಿ, ಇನ್ನೊಂದು ಚಿತ್ರದ ಕೆಲಸಕ್ಕಾಗಿ ಬ್ರೆಜಿಲಿಗೆ ಹೋದರು. ಇತ್ತ ಆರ್.ಕೆ.ಓ. ಸಂಸ್ಥೆಯವರು ಪ್ರೇಕ್ಷಕರಿಗೆ ಪರೀಕ್ಷಾರ್ಥವಾಗಿ ಚಿತ್ರ ತೋರಿಸಿದರು. ಕೆಲವರು ನಕ್ಕರು, ಕೆಲವರು ಬೇಸರಗೊಂಡರು. ಸಂಸ್ಥೆ ಗಾಬರಿಯಾಯಿತು. ಅಂತಿಮ ಸಂಕಲನದ ಹಕ್ಕು ನಿರ್ದೇಶಕರಲ್ಲಿರಲಿಲ್ಲ. 40 ನಿಮಿಷಕ್ಕೂ ಹೆಚ್ಚು ಭಾಗವನ್ನು ಕತ್ತರಿಸಿ, ಬೇರೊಬ್ಬರಿಂದ ಸುಖಾಂತವೊಂದನ್ನು ಚಿತ್ರೀಕರಿಸಿ ಅಂಟಿಸಿ, 88 ನಿಮಿಷದ ಚಿತ್ರವನ್ನು ಬಿಡುಗಡೆ ಮಾಡಿದರು. ಕತ್ತರಿಸಿದ ಭಾಗಗಳನ್ನು ಆಮೇಲೆ ನಾಶಮಾಡಲಾಯಿತು. ಉಳಿದಿರುವ 88 ನಿಮಿಷವನ್ನೇ ವಿದ್ವಾಂಸರು ಶ್ರೇಷ್ಠ ಚಿತ್ರಗಳ ಸಾಲಿಗೆ ಸೇರಿಸಿದ್ದಾರೆ. ಕಳೆದುಹೋದ ಭಾಗಕ್ಕಾಗಿ ಇಂದಿಗೂ ಹುಡುಕುತ್ತಿದ್ದಾರೆ. ಗರಿ ತಿಂದ ಹುಳುವಿಗೆ ತಾನು ತಿಂದದ್ದು ಏನೆಂದು ತಿಳಿಯದು. ಇಲ್ಲಿ ತಿಳಿದೂ ತಿಂದರು.

ಇದಕ್ಕೆ ಪ್ರತಿಯಾಗಿ ರಿಡ್ಲಿ ಸ್ಕಾಟ್ ಅವರ ‘ಬ್ಲೇಡ್ ರನ್ನರ್’ ಚಿತ್ರವನ್ನು ನೋಡಬಹುದು. 1982ರಲ್ಲಿ ಅದಕ್ಕೂ ನಾಯಕನ ವಿವರಣೆಯ ಮಾತುಗಳನ್ನೂ ಸುಖಾಂತವನ್ನೂ ಒತ್ತಾಯದಿಂದ ಸೇರಿಸಲಾಗಿತ್ತು. ಆದರೆ ಮೊದಲಿನ ಪ್ರತಿಯೊಂದು ಉಳಿದಿತ್ತು. 1990ರ ಸುಮಾರಿಗೆ ಅದು ಬೆಳಕಿಗೆ ಬಂದು, ಜನ ನೋಡಿ ಮೆಚ್ಚಿ, 1992ರಲ್ಲಿ ನಿರ್ದೇಶಕರ ಪಾಠವೆಂದು ಒಂದು ರೂಪವೂ, 2007ರಲ್ಲಿ ಅವರೇ ತಿದ್ದಿದ ಅಂತಿಮ ರೂಪವೂ ಹೊರಬಂದವು. ಜಗಳ ಎರಡೂ ಕಡೆ ನಡೆದಿತ್ತು. ಒಂದು ಕಡೆ ಸೋತ ಪ್ರತಿಯನ್ನು ನಾಶಮಾಡಿದರು. ಇನ್ನೊಂದು ಕಡೆ ಯಾವುದೋ ಕಪಾಟಿನಲ್ಲಿ ಅದು ಉಳಿದುಕೊಂಡಿತು. ವ್ಯತ್ಯಾಸ ಇಷ್ಟೇ.

ದೊಡ್ಡವರ ಜಗಳವಿಲ್ಲದೆಯೂ ಪಾಠಾಂತರಗಳು ಹುಟ್ಟುತ್ತಿದ್ದುದನ್ನು ನಮ್ಮಂಥ ಊರಿನವರು ಬಲ್ಲೆವು. ಸುರುಳಿಯ ಕಾಲದಲ್ಲಿ ಹೊಸ ಪ್ರತಿ ಮೊದಲು ಬೆಂಗಳೂರಿನಲ್ಲಿ ಓಡಿ, ಆಮೇಲೆ ದಾವಣಗೆರೆಗೆ, ಅಲ್ಲಿಂದ ಹರಿಹರಕ್ಕೆ, ಕೊನೆಗೆ ಹಳ್ಳಿಯ ಟೆಂಟಿಗೆ ಹೋಗುತ್ತಿತ್ತು. ಸಾವಿರ ಅಡಿಯ ಸುರುಳಿ ಓಡುವುದು ಸುಮಾರು 11 ನಿಮಿಷ. ಸೆಕೆಂಡಿಗೆ 24 ಚೌಕ. ಫಿಲ್ಮು ಹರಿದಾಗಲೆಲ್ಲ ಆಪರೇಟರು ಕೆಟ್ಟ ಚೌಕಗಳನ್ನು ಕತ್ತರಿಸಿ ಅಂಟಿಸುತ್ತಿದ್ದನು. ಅಶೋಕ ಟಾಕೀಸಿನ ಹತ್ತಿರದ ರೈಲ್ವೆ ಗೇಟಿನಲ್ಲಿ ಸಿಕ್ಕಿಬಿದ್ದು ಹೆಸರು ತೋರಿಸುವ ಭಾಗವನ್ನು ಕಳೆದುಕೊಂಡವರು ದಾವಣಗೆರೆಯಲ್ಲಿ ಎಷ್ಟು ಜನರೋ! ಹೀಗೆ ಬೆಂಗಳೂರಿನವರು ನೋಡಿದ ಚಿತ್ರ ಒಂದು, ನಾವು ನೋಡಿದ್ದು ಇನ್ನೊಂದು, ಟೆಂಟಿನವರು ನೋಡಿದ್ದು ಮತ್ತೊಂದು. ಇದು ಲಿಪಿಕಾರನ ಕಣ್ತಪ್ಪಿಗೆ ಸಮಾನವಾದದ್ದು, ನಕ್ಕು ಮರೆಯಬಹುದು. ಮೂಲ ಎಲ್ಲೋ ಇದೆಯೆಂಬ ಧೈರ್ಯದಿಂದ ನಗುತ್ತಿದ್ದೆವು.

ಆ ಧೈರ್ಯ ನಿಜವೆ? ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನ’ 1934ರ ಮಾರ್ಚ್ 3ರಂದು ಬೆಂಗಳೂರಿನಲ್ಲಿ ತೆರೆಕಂಡಿತು. ವೈ.ವಿ. ರಾವ್ ನಿರ್ದೇಶಿಸಿ, ಸುಬ್ಬಯ್ಯ ನಾಯ್ಡು, ಆರ್. ನಾಗೇಂದ್ರರಾವ್ ಅಭಿನಯಿಸಿದ ಆ ಚಿತ್ರದ ಒಂದು ಪ್ರತಿಯೂ ಇಂದು ನಮ್ಮ ಬಳಿ ಇಲ್ಲ. ಪುಣೆಯಲ್ಲಿ ರಾಷ್ಟ್ರೀಯ ಚಲಚ್ಚಿತ್ರ ಸಂಗ್ರಹಾಲಯ ಸ್ಥಾಪನೆಯಾದದ್ದೇ 1964ರಲ್ಲಿ. ಅಷ್ಟು ಹೊತ್ತಿಗೆ ಎಷ್ಟೋ ಚಿತ್ರಗಳು ಕಾಲವಶವಾಗಿದ್ದವು. ಸಾವಿರ ವರ್ಷದ ಹಿಂದಿನ ಪಂಪ ನಮಗುಂಟು. ತೊಂಬತ್ತು ವರ್ಷದ ಹಿಂದಿನ ‘ಸತಿ ಸುಲೋಚನ’ ಇಲ್ಲ. ಓಲೆಯ ಕಟ್ಟನ್ನು ಪ್ರತಿ ಮಾಡಿ ಮಾಡಿ ಕೊಂಡೊಯ್ದ ಮಠಗಳಿಗೂ ಬಸದಿಗಳಿಗೂ ಮನೆತನಗಳಿಗೂ ನಾವು ಎಷ್ಟು ಋಣಿಗಳೆಂಬುದು ಇದರಿಂದ ವೇದ್ಯವಾಗುತ್ತದೆ.

ಲೇಖಕನ ರಕ್ಷಣೆಗೆ ಕಾನೂನಿಲ್ಲವೆ ಎಂದು ಕೇಳಬಹುದು. ಇದೆ. 1957ರ ಕೃತಿಸ್ವಾಮ್ಯ ಕಾಯಿದೆಯ 57ನೆಯ ಕಲಮಿನ ಪ್ರಕಾರ, ಲೇಖಕನು ತನ್ನ ಹಕ್ಕನ್ನು ಮಾರಿದ ಮೇಲೂ ಕೃತಿ ತನ್ನದೆಂದು ಹೇಳಿಕೊಳ್ಳಬಹುದು. ತನ್ನ ಮಾನಕ್ಕೆ ಕುಂದು ತರುವಂತೆ ಅದನ್ನು ವಿರೂಪಗೊಳಿಸಿದರೆ ಪ್ರತಿಭಟಿಸಬಹುದು. ಹಿಂದಿಯ ಲೇಖಕಿ ಮನ್ನೂ ಭಂಡಾರಿ ತಮ್ಮ ‘ಆಪ್‌ಕಾ ಬಂಟಿ’ ಕಾದಂಬರಿಯಿಂದ ತೆಗೆದ ಚಿತ್ರದ ವಿರುದ್ಧ ಈ ಕಲಮನ್ನೇ ಹಿಡಿದು ದೆಹಲಿಯ ಉಚ್ಚ ನ್ಯಾಯಾಲಯಕ್ಕೆ ಹೋದರು. 1986ರಲ್ಲಿ ನ್ಯಾಯಾಲಯ, ಮಾಧ್ಯಮ ಬದಲಾದಾಗ ಕೆಲವು ಬದಲಾವಣೆ ಅನಿವಾರ್ಯ, ಆದರೆ ಮೂಲವನ್ನು ಗುರುತು ಸಿಗದಂತೆ ಕೆಡಿಸುವ ಅಧಿಕಾರ ಯಾರಿಗೂ ಇಲ್ಲವೆಂಬ ತತ್ತ್ವವನ್ನು ಎತ್ತಿಹಿಡಿಯಿತು. ಕೊನೆಗೆ ಉಭಯ ಪಕ್ಷಗಳೂ ರಾಜಿಗೆ ಬಂದವು. ಕಾನೂನು ಲೇಖಕನ ಮಾನವನ್ನು ಕಾಯಬಹುದು. ಪ್ರತಿಯನ್ನು ಕಾಯುವ ಕೆಲಸವನ್ನು ಬೇರೆಯವರು ಮಾಡಬೇಕು.

ಹರಿಹರದ ಹರಿಹರೇಶ್ವರನನ್ನು ನೋಡಿದವರಿಗೆ ಗೊತ್ತು. ಹೊಯ್ಸಳ ದಂಡನಾಯಕ ಪೋಲಾಳ್ವನು 13ನೆಯ ಶತಮಾನದಲ್ಲಿ ಕಟ್ಟಿಸಿದ ಆ ಗುಡಿಯ ಮೂರ್ತಿಯಲ್ಲಿ ಅರ್ಧ ಹರಿ, ಅರ್ಧ ಹರ. ಯಾರು ಹೆಚ್ಚೆಂಬ ವಿವಾದಕ್ಕೆ ಶಿಲ್ಪಿ ಕೊಟ್ಟ ಉತ್ತರ ಇಬ್ಬರನ್ನೂ ಉಳಿಸುವುದು. ಚಲಚ್ಚಿತ್ರದ ವ್ಯಾಜ್ಯದಲ್ಲಿ ನಾರಾಯಣರು ಸರಿಯೋ ವಿಜಯ್ ಆನಂದರು ಸರಿಯೋ, ತರಾಸು ಸರಿಯೋ ಪುಟ್ಟಣ್ಣ ಸರಿಯೋ ಎಂದು ತೀರ್ಪು ಕೊಡುವ ಆತುರ ನಮಗೆ ಬೇಡ. ನಾರಾಯಣರ ಕಾದಂಬರಿ ಉಳಿದಿದೆ, ಎರಡು ಚಿತ್ರಗಳೂ ಉಳಿದಿವೆ. ಆದ್ದರಿಂದಲೇ ಇಂದು ನಾವು ಅವುಗಳ ವಿಷಯ ಮಾತಾಡಬಲ್ಲೆವು. ವೆಲ್ಸ್ ಅವರ 40 ನಿಮಿಷದ ವಿಷಯದಲ್ಲಿ ಮಾತಾಡಲು ನಮ್ಮ ಬಳಿ ಏನೂ ಇಲ್ಲ.

ಆದುದರಿಂದ ನನ್ನ ವಿನಂತಿ ಸರಳವಾದದ್ದು. ಊರಿನ ಗ್ರಂಥಾಲಯದಲ್ಲಿ ‘ನಾಗರಹಾವು’ ಚಿತ್ರದ ಅಭಿಮಾನಿಗೆ ತರಾಸು ಅವರ ಮೂರೂ ಕಾದಂಬರಿಗಳು ಸಿಗುವಂತಿರಲಿ. ಕಾಲೇಜಿನ ಕನ್ನಡ ವಿಭಾಗಗಳಲ್ಲಿ ಕಾವ್ಯದ ಪಾಠಾಂತರಗಳಂತೆಯೇ ಚಿತ್ರದ ಪಾಠಾಂತರಗಳನ್ನೂ ಹುಡುಗರು ಹೋಲಿಸಿ ನೋಡಲಿ. ಹಳೆಯ ಚಿತ್ರವೊಂದು ಹೊಸ ಬಣ್ಣ, ಹೊಸ ಧ್ವನಿ ತಳೆದು ಬಂದಾಗ ಟಿಕೆಟು ಕೊಳ್ಳುವ ಜೊತೆಗೆ, ಹಳೆಯ ಪ್ರತಿ ಎಲ್ಲಿದೆಯೆಂದು ಒಂದು ಮಾತು ಕೇಳಿ. ಕೇಳುವವರಿದ್ದಾರೆಂದು ತಿಳಿದರೆ ಇಡುವವರೂ ಇಡುತ್ತಾರೆ.